ಚಿಕ್ಕ ಗೇಮಿಂಗ್ ಪಿಸಿಗೆ ಯಾವ ಕ್ಯಾಬಿನೆಟ್, ಯಾವ ಕಾರ್ಡ್, ಯಾವ ಕೂಲರ್?

ದೊಡ್ಡ ಕ್ಯಾಬಿನೆಟ್‌ನಲ್ಲಿ ಪಿಸಿ ಕಟ್ಟುವವರು ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ಆಮೇಲೆ ಬೋರ್ಡ್, ಆಮೇಲೆ ಗ್ರಾಫಿಕ್ಸ್ ಕಾರ್ಡ್, ಕೊನೆಗೆ ಉಳಿದ ದುಡ್ಡಿಗೆ ಯಾವುದೋ ಒಂದು ಡಬ್ಬ. ಚಿಕ್ಕ ಪಿಸಿಯಲ್ಲಿ ಈ ಕ್ರಮ ಪೂರ್ತಿ ತಲೆಕೆಳಗು. ಮೊದಲು ಕಾರ್ಡ್ ಮತ್ತು ಕ್ಯಾಬಿನೆಟ್ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು, ಅದೂ ಮಿಲಿಮೀಟರ್ ಲೆಕ್ಕದಲ್ಲಿ. ಅವೆರಡು ಕೂತ ಮೇಲೆ ಕೂಲರ್‌ಗೆ ಎಷ್ಟು ಎತ್ತರ ಉಳಿಯಿತು ಅಂತ ಗೊತ್ತಾಗುತ್ತದೆ. ಆ ಎತ್ತರ ನೋಡಿಕೊಂಡು ಪ್ರೊಸೆಸರ್ ಆರಿಸಬೇಕು. ಉಳಿದದ್ದೆಲ್ಲ ಆಮೇಲೆ.

ಅದಕ್ಕೂ ಮೊದಲು ಒಂದು ಪ್ರಶ್ನೆ. ನಿಮಗೆ ಚಿಕ್ಕದು ನಿಜವಾಗಿ ಬೇಕಾ? ಪಿಜಿ ರೂಮಿನಲ್ಲಿ ಒಂದೇ ಮೇಜು ಇದೆ, ಅಥವಾ ಟಿವಿ ಕೆಳಗಿನ ಶೆಲ್ಫ್‌ನಲ್ಲಿ ಇಡಬೇಕು, ಅಥವಾ ಹಬ್ಬಕ್ಕೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬೇಕು ಅಂದರೆ ಹೌದು, ಬೇಕು. ನೋಡೋಕೆ ಚೆನ್ನಾಗಿರುತ್ತದೆ ಅನ್ನೋದೂ ತಪ್ಪಲ್ಲ. ಆದರೆ ಅದಕ್ಕೆ ಬೆಲೆ ಕಟ್ಟಬೇಕಾಗುತ್ತದೆ. 170 × 170 ಮಿ.ಮೀ. ಅಳತೆಯ ಮಿನಿ ಐಟಿಎಕ್ಸ್ ಬೋರ್ಡ್‌ಗೆ ನಮ್ಮಲ್ಲಿ ಅದೇ ಚಿಪ್‌ಸೆಟ್‌ನ, ಅಳತೆಯಲ್ಲಿ ದೊಡ್ಡದಾದ ಮೈಕ್ರೋ ಎಟಿಎಕ್ಸ್ ಬೋರ್ಡ್‌ಗಿಂತ ಸುಮಾರು ಒಂದೂವರೆ ಪಟ್ಟು, ಕೆಲವು ಸಲ ಎರಡು ಪಟ್ಟು ಕೊಡಬೇಕು. ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೂಡ ಚಿಕ್ಕದಾದಷ್ಟೂ ದುಬಾರಿ. ಒಂದೇ ಬಜೆಟ್‌ನಲ್ಲಿ ದೊಡ್ಡ ಪಿಸಿ ಕಟ್ಟಿದವರಿಗೆ ನಿಮಗಿಂತ ಒಂದು ಮೆಟ್ಟಿಲು ಮೇಲಿನ ಕಾರ್ಡ್ ಸಿಗುತ್ತದೆ. ಇದನ್ನು ಒಪ್ಪಿಕೊಂಡು ಮುಂದೆ ಹೋಗಿ.

ಒಪ್ಪಲು ಆಗದಿದ್ದರೆ ನಡುವಿನ ದಾರಿ ಒಂದಿದೆ. ಆಸುಸ್ ಪ್ರೈಮ್ ಎಪಿ201 ಅನ್ನೋ ಕ್ಯಾಬಿನೆಟ್ 33 ಲೀಟರ್. ಮೈಕ್ರೋ ಎಟಿಎಕ್ಸ್ ಬೋರ್ಡ್ ಹಿಡಿಯುತ್ತದೆ, ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ ಹಿಡಿಯುತ್ತದೆ, 338 ಮಿ.ಮೀ. ಉದ್ದದ ಕಾರ್ಡ್ ಹಿಡಿಯುತ್ತದೆ, ಸುತ್ತಲೂ ಜಾಲರಿ. ಬ್ಯಾಗಿಗೆ ಹೋಗುವುದಿಲ್ಲ, ಆದರೆ ಮೇಜಿನ ಮೂಲೆಗೆ ಆರಾಮಾಗಿ ಹೋಗುತ್ತದೆ. ಚಿಕ್ಕದು ಬೇಕು ಅಂತ ಕೇಳುವ ಹತ್ತರಲ್ಲಿ ಆರು ಜನಕ್ಕೆ ಇದೇ ಸಾಕು ಅಂತ ನನ್ನ ಅಂದಾಜು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮಿನಿ ಐಟಿಎಕ್ಸ್ ಕೇಳಿದರೆ "ಆರ್ಡರ್ ಹಾಕಿ ತರಿಸಬೇಕು ಸಾರ್" ಅಂತಾರೆ. ಮೈಕ್ರೋ ಎಟಿಎಕ್ಸ್ ಕೇಳಿದರೆ ಐದು ಬಾಕ್ಸ್ ತೆಗೆದು ಮುಂದಿಡುತ್ತಾರೆ.

ಕ್ಯಾಬಿನೆಟ್: 18 ಲೀಟರ್ ಅಥವಾ 11 ಲೀಟರ್

ಉದ್ದ, ಅಗಲ, ಎತ್ತರ ಗುಣಿಸಿದರೆ ಬರುವುದೇ ಲೀಟರ್ ಲೆಕ್ಕ. 20 ಲೀಟರ್ ಒಳಗೆ ಬಂದರೆ ನಿಜವಾದ ಚಿಕ್ಕ ಪಿಸಿ ಅನ್ನಬಹುದು. ಇಲ್ಲಿ ಎರಡು ಪಂಗಡ ಇವೆ.

ಮೊದಲನೆಯದು ಕೂಲರ್ ಮಾಸ್ಟರ್ ಎನ್ಆರ್200 ಥರದ್ದು. 2020ರಲ್ಲಿ ಬಂತು, 18.25 ಲೀಟರ್. ಒಳಗೆ ದೊಡ್ಡ ಪಿಸಿಯ ಜೋಡಣೆಯೇ, ಎಲ್ಲವೂ ಕುಗ್ಗಿರುತ್ತದೆ ಅಷ್ಟೇ. ಕಾರ್ಡ್ ನೇರವಾಗಿ ಬೋರ್ಡ್‌ಗೆ ಕೂರುತ್ತದೆ. 330 ಮಿ.ಮೀ. ಉದ್ದ, ಮೂರು ಸ್ಲಾಟ್ ದಪ್ಪದ ಕಾರ್ಡ್ ನಡೆಯುತ್ತದೆ. ಕೂಲರ್‌ಗೆ 155 ಮಿ.ಮೀ. ತನಕ ಎತ್ತರ ಸಿಗುತ್ತದೆ, ಗಾಜಿನ ಬಾಗಿಲು ಹಾಕಿದರೆ ಸ್ವಲ್ಪ ಕಮ್ಮಿ. ಅಂದರೆ 120 ಮಿ.ಮೀ. ಫ್ಯಾನ್ ಇರುವ ಟವರ್ ಕೂಲರ್‌ಗಳಲ್ಲಿ ಹಲವು ಇದಕ್ಕೆ ಹೋಗುತ್ತವೆ. ಈ ಒಂದು ಕಾರಣಕ್ಕೇ ಇಷ್ಟು ವರ್ಷ ಆದರೂ ಮೊದಲ ಸಲ ಕಟ್ಟುವವರಿಗೆ ಎಲ್ಲರೂ ಇದನ್ನೇ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಎರಡನೆಯದು ಸ್ಯಾಂಡ್‌ವಿಚ್ ಜೋಡಣೆ. ಬೋರ್ಡ್ ಒಂದು ಕಡೆ, ಕಾರ್ಡ್ ಇನ್ನೊಂದು ಕಡೆ, ಬೆನ್ನಿಗೆ ಬೆನ್ನು ಕೊಟ್ಟು ಕೂತವರ ಹಾಗೆ. ನಡುವೆ ಎರಡನ್ನೂ ಜೋಡಿಸುವ ರೈಸರ್ ಕೇಬಲ್. ಫ್ರಾಕ್ಟಲ್ ಡಿಸೈನ್ ಟೆರಾ 10.4 ಲೀಟರ್, ಲಿಯಾನ್ ಲಿ ಎ4-ಎಚ್2ಒ 11 ಲೀಟರ್. ಎರಡೂ 322 ಮಿ.ಮೀ. ಕಾರ್ಡ್ ಹಿಡಿಯುತ್ತವೆ, ಆದರೆ ಸ್ವಭಾವ ಬೇರೆ ಬೇರೆ. ಎ4-ಎಚ್2ಒ ಇರುವುದೇ 240 ಮಿ.ಮೀ. ನೀರಿನ ಕೂಲರ್‌ಗೋಸ್ಕರ. ಗಾಳಿ ಕೂಲರ್ ಹಾಕುವುದಾದರೆ 55 ಮಿ.ಮೀ. ಮಾತ್ರ. ಟೆರಾದಲ್ಲಿ ನೀರಿನ ಕೂಲರ್ ಅನ್ನು ಮರೆತುಬಿಡುವುದೇ ಒಳ್ಳೆಯದು. ಅದರ ನಡುವಿನ ಗೋಡೆ ಆ ಕಡೆ ಈ ಕಡೆ ಸರಿಯುತ್ತದೆ. ಕಾರ್ಡ್ 72 ಮಿ.ಮೀ. ದಪ್ಪ ಇದ್ದರೆ ಕೂಲರ್‌ಗೆ 48, ಕಾರ್ಡ್ 43 ಇದ್ದರೆ ಕೂಲರ್‌ಗೆ 77. ಕೂಡಿ ನೋಡಿ, ಎರಡೂ ಸಲ 120. ಅಂದರೆ ಟೆರಾ ತಗೊಳ್ಳುವವರು ನೆನಪಿಡಬೇಕಾದ್ದು ಇದೊಂದೇ ಸಂಖ್ಯೆ: ಕಾರ್ಡ್ ದಪ್ಪ, ಕೂಲರ್ ಎತ್ತರ ಎರಡೂ ಸೇರಿ 120. ಗೋಡೆ ಹಂತ ಹಂತವಾಗಿ ಸರಿಯುವುದರಿಂದ ಒಂದೆರಡು ಮಿ.ಮೀ. ಕೈಯಲ್ಲಿ ಉಳಿಸಿಕೊಂಡು ಲೆಕ್ಕ ಹಾಕಿ.

ಯಾವುದು ಒಳ್ಳೆಯದು? ನಮ್ಮ ಬಿಸಿಲಿಗೆ ನಾನು 18 ಲೀಟರ್ ಕಡೆ. ರಿವ್ಯೂಗಳಲ್ಲಿ ತೋರಿಸುವ ಉಷ್ಣತೆಯೆಲ್ಲ ಸಾಮಾನ್ಯವಾಗಿ 20ರಿಂದ 25 ಡಿಗ್ರಿ ರೂಮಿನಲ್ಲಿ ಅಳೆದದ್ದು. ರೂಮು ಎಷ್ಟು ಡಿಗ್ರಿ ಏರುತ್ತದೋ ಒಳಗಿನ ಚಿಪ್ ಕೂಡ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಹೊರಗೆ 40 ದಾಟುತ್ತದೆ, ಎಸಿ ಇಲ್ಲದ ರೂಮಿನಲ್ಲಿ ಆಡುವವರು ಆ ಗ್ರಾಫ್‌ಗೆ 12-15 ಡಿಗ್ರಿ ಸೇರಿಸಿ ಓದಬೇಕು. ರಿವ್ಯೂನಲ್ಲಿ 72 ಅಂತ ಕಂಡದ್ದು ನಿಮ್ಮ ಮನೆಯಲ್ಲಿ 85 ಆಗುತ್ತದೆ, ಫ್ಯಾನ್ ಕಿರುಚುತ್ತದೆ. ಬೆಂಗಳೂರು, ಮೈಸೂರಿನವರು ಧೈರ್ಯವಾಗಿ ಟೆರಾ ತಗೊಳ್ಳಬಹುದು. ಮಂಗಳೂರಿನಲ್ಲಿ ಇಷ್ಟು ಬಿಸಿ ಇಲ್ಲ, ಆದರೆ ಆ ಸೆಕೆ, ಉಪ್ಪುಗಾಳಿಯಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ಬಿಚ್ಚಿ ಕ್ಲೀನ್ ಮಾಡಬೇಕು ಅಂದುಕೊಳ್ಳಿ. ಬಿಚ್ಚೋಕೆ ಸುಲಭ ಇರುವ ಡಬ್ಬವೇ ಅಲ್ಲಿ ಒಳ್ಳೆಯದು.

ಕಾರ್ಡ್: ವೇಗಕ್ಕಿಂತ ಮೊದಲು ದಪ್ಪ ನೋಡಿ

ಜನ ತಪ್ಪದೆ ನೋಡುವುದು ಉದ್ದ ಒಂದನ್ನೇ. ನಿಜವಾಗಿ ತೊಂದರೆ ಕೊಡುವುದು ದಪ್ಪ ಮತ್ತು ಅಗಲ. ಅಗಲ ಅಂದರೆ ಸ್ಲಾಟ್‌ನಿಂದ ಬಾಗಿಲ ಕಡೆಗೆ ಕಾರ್ಡ್ ಎಷ್ಟು ಚಾಚುತ್ತದೆ ಅನ್ನೋದು. ಪವರ್ ಕೇಬಲ್ ಅಲ್ಲೇ ಸಿಕ್ಕಿಸಬೇಕಲ್ವಾ, ಅದು ಬಾಗುವುದಕ್ಕೆ ಇನ್ನೂ ಮೂರು ಸೆಂ.ಮೀ. ಬೇಕು. ಅದರಲ್ಲೂ ಹೊಸ 16 ಪಿನ್ ಕನೆಕ್ಟರ್ ಇರುವ ಕಾರ್ಡ್ ಆದರೆ ಬಾಗಿಲು ಒತ್ತಿ ಮುಚ್ಚುವ ಹಾಗೆ ಮಾಡಲೇಬೇಡಿ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡ್‌ಗಳಲ್ಲಿ ಈ ಕನೆಕ್ಟರ್ ಕರಗಿದ ಸುದ್ದಿ ಎಲ್ಲರೂ ಓದಿದ್ದಾರೆ. ಪ್ಲಗ್ ಪೂರ್ತಿ ಕೂರದೆ ಇದ್ದದ್ದು ಅದಕ್ಕೆ ಒಂದು ದೊಡ್ಡ ಕಾರಣ. ಇಕ್ಕಟ್ಟಿನಲ್ಲಿ ಪ್ಲಗ್ ಪೂರ್ತಿ ಕೂತಿದೆಯೋ ಇಲ್ಲವೋ ಕಾಣುವುದೇ ಇಲ್ಲ.

ಎನ್‌ವಿಡಿಯಾ 2024ರಲ್ಲಿ ಚಿಕ್ಕ ಪಿಸಿಗೆ ಹೊಂದುವ ಕಾರ್ಡ್‌ಗಳಿಗೆ ಎಸ್‌ಎಫ್‌ಎಫ್-ರೆಡಿ ಅಂತ ಒಂದು ಅಳತೆ ಗೊತ್ತು ಮಾಡಿತು: 304 ಮಿ.ಮೀ. ಉದ್ದ, ಕೇಬಲ್ ಬಾಗುವುದೂ ಸೇರಿ 151 ಮಿ.ಮೀ. ಅಗಲ, 50 ಮಿ.ಮೀ. ದಪ್ಪ. ಇದರೊಳಗೆ ಬರುವ ಕಾರ್ಡ್‌ಗಳ ಬಾಕ್ಸ್ ಅಥವಾ ಕಂಪನಿಯ ಪುಟದಲ್ಲಿ ಆ ಹೆಸರು ಹಾಕಿರುತ್ತಾರೆ. ಒಳ್ಳೆಯ ಕೆಲಸ. ಆದರೆ ಅದು ಗರಿಷ್ಠ ಅಳತೆ ಮಾತ್ರ. ನಿಮ್ಮ ಕ್ಯಾಬಿನೆಟ್ ಅದಕ್ಕಿಂತ ಚಿಕ್ಕದಿದ್ದರೆ ಆ ಗುರುತು ನಂಬಿಕೊಂಡು ಸುಮ್ನೆ ಕೂರಬೇಡಿ.

ಈಗ ಯಾವ ಕಾರ್ಡ್. 1080ಪಿ ಅಥವಾ 1440ಪಿ ಆಡುವವರಿಗೆ ಎರಡು ನೇರ ಎದುರಾಳಿಗಳು: ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ, 160 ವ್ಯಾಟ್. ಆರ್‌ಟಿಎಕ್ಸ್ 5060 ಟಿಐ 16 ಜಿಬಿ, 180 ವ್ಯಾಟ್. ಎರಡೂ 2025ರವು, ಎರಡರಲ್ಲೂ 8 ಜಿಬಿ ತಮ್ಮ ಇದ್ದಾನೆ, ಅವನನ್ನು ಬಿಟ್ಟುಬಿಡಿ. ಹೊಸ ಆಟಗಳಲ್ಲಿ ಟೆಕ್ಸ್‌ಚರ್ ಏರಿಸಿದ ಕೂಡಲೇ 8 ಜಿಬಿ ತುಂಬಿಹೋಗುತ್ತದೆ. ಚಿಕ್ಕ ಪಿಸಿಯಲ್ಲಿ ಕಾರ್ಡ್ ಪದೇ ಪದೇ ಬದಲಾಯಿಸುವುದು ದೊಡ್ಡ ತಲೆನೋವು, ಹಾಗಾಗಿ ಒಂದೇ ಸಲ ಸರಿಯಾದದ್ದು ತಗೊಳ್ಳಿ. ಇವೆರಡರಲ್ಲಿ ಬೆಲೆ ವ್ಯತ್ಯಾಸ ಜಾಸ್ತಿ ಇದ್ದರೆ ನಾನು 9060 ಎಕ್ಸ್‌ಟಿ ಅನ್ನುತ್ತೇನೆ. ಎಐ ಬಳಸಿ ಫ್ರೇಮ್ ಏರಿಸುವ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಮೇಲೆ ಪ್ರೀತಿ ಇದ್ದರೆ, ಅಥವಾ ಬ್ಲೆಂಡರ್‌ನಂಥ 3ಡಿ ಕೆಲಸವೂ ಇದ್ದರೆ 5060 ಟಿಐ. ಇನ್ನೊಂದು ಸಣ್ಣ ವಿಷಯ ಇದೆ, ಯಾರೂ ಹೇಳುವುದಿಲ್ಲ. 5060 ಟಿಐ ಬಳಸುವುದು 8 ಪಿಸಿಐಇ ಲೇನ್ (ಕಾರ್ಡ್‌ಗೂ ಬೋರ್ಡ್‌ಗೂ ನಡುವೆ ಡೇಟಾ ಓಡಾಡುವ ದಾರಿ) ಮಾತ್ರ, 9060 ಎಕ್ಸ್‌ಟಿ 16 ಬಳಸುತ್ತದೆ. ಹಳೆಯ ಮೂರನೇ ತಲೆಮಾರಿನ ರೈಸರ್ ಇರುವ ಸೆಕೆಂಡ್ ಹ್ಯಾಂಡ್ ಕ್ಯಾಬಿನೆಟ್ ತಗೊಂಡಿದ್ದರೆ ಈ ವ್ಯತ್ಯಾಸ ಫ್ರೇಮ್ ಲೆಕ್ಕದಲ್ಲಿ ಕಾಣಿಸಬಹುದು.

ಇದರ ಮೇಲಿನ ಮೆಟ್ಟಿಲಿನಲ್ಲಿ ಆರ್‌ಟಿಎಕ್ಸ್ 5070 ಮತ್ತು ಆರ್‌ಎಕ್ಸ್ 9070. ಮೊದಲನೆಯದು 250 ವ್ಯಾಟ್, 12 ಜಿಬಿ. ಎರಡನೆಯದು 220 ವ್ಯಾಟ್, 16 ಜಿಬಿ. ಕಾಗದದ ಮೇಲೆ 9070ಯೇ ಚಿಕ್ಕ ಡಬ್ಬಕ್ಕೆ ಹೇಳಿ ಮಾಡಿಸಿದ್ದು. ಆದರೆ ಅಂಗಡಿಗೆ ಹೋದರೆ ಕತೆ ಬೇರೆ. 9070ಯ ಹೆಚ್ಚಿನ ಮಾಡೆಲ್‌ಗಳು ಉದ್ದ, ದಪ್ಪ, ಮೂರು ಫ್ಯಾನ್. 5070ಯಲ್ಲಿ ಎರಡು ಫ್ಯಾನ್‌ನ ಗಿಡ್ಡ ಕಾರ್ಡ್‌ಗಳು ಜಾಸ್ತಿ ಸಿಗುತ್ತವೆ. ಹಾಗಾಗಿ ಎನ್ಆರ್200ಗೆ 9070, ಟೆರಾಗೆ 5070. ಇನ್ನೂ ಮೇಲೆ, 304 ವ್ಯಾಟ್‌ನ 9070 ಎಕ್ಸ್‌ಟಿ ಅಥವಾ 300 ವ್ಯಾಟ್‌ನ 5070 ಟಿಐ ಹಾಕುವವರೂ ಇದ್ದಾರೆ. ಹಾಕಬಹುದು. ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ಗರಿಷ್ಠ ವ್ಯಾಟ್) ಇಳಿಸದೆ ಹಾಕಿದರೆ ಏಪ್ರಿಲ್‌ನಲ್ಲಿ ಹೆಡ್‌ಫೋನ್ ಇಲ್ಲದೆ ಆಡೋದು ಕಷ್ಟ.

ಪ್ರೊಸೆಸರ್ ಮತ್ತು ಕೂಲರ್ ಒಂದೇ ತೀರ್ಮಾನ

ಇವೆರಡನ್ನು ಬೇರೆ ಬೇರೆ ಆರಿಸಲು ಆಗುವುದಿಲ್ಲ. ಪ್ರೊಸೆಸರ್ ಬಾಕ್ಸ್ ಮೇಲೆ ಬರೆದ ವ್ಯಾಟ್ ನಂಬಬೇಡಿ. ರೈಜನ್‌ನಲ್ಲಿ 65 ವ್ಯಾಟ್ ಅಂತ ಬರೆದದ್ದು ನಿಜಕ್ಕೂ 88 ವ್ಯಾಟ್ ತನಕ ಎಳೆಯುತ್ತದೆ. 120 ಅಂತ ಬರೆದದ್ದು 162 ತನಕ ಹೋಗಬಹುದು. ಇಂಟೆಲ್ ಕೋರ್ ಐ5-14600ಕೆ 181ಕ್ಕೆ, ಐ7-14700ಕೆ 253ಕ್ಕೆ ಹೋಗುತ್ತವೆ. 50-60 ಮಿ.ಮೀ. ಕೂಲರ್ ಹಾಕುವ ಜಾಗದಲ್ಲಿ ಇವಕ್ಕೆ ಕೆಲಸ ಇಲ್ಲ. ಇಂಟೆಲ್‌ನ 13, 14ನೇ ತಲೆಮಾರಿನ ವೋಲ್ಟೇಜ್ ಗೋಳು ಬೇರೆ, ಅದನ್ನು ಸರಿ ಮಾಡಲು 2024ರಲ್ಲಿ ಮೈಕ್ರೋಕೋಡ್ (ಚಿಪ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬಿಡಬೇಕಾಯಿತು. ಚಿಕ್ಕ ಗೇಮಿಂಗ್ ಪಿಸಿಗೆ ಈಗ ಎಎಂ5 ಸಾಕೆಟ್‌ನ ರೈಜನ್ ಬಿಟ್ಟು ಬೇರೆ ಯೋಚನೆ ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ರೈಜನ್ 5 7600 ಆರು ಕೋರ್, 65 ವ್ಯಾಟ್, ಜೊತೆಗೆ ಒಂದು ಕೂಲರ್ ಕೂಡ ಬರುತ್ತದೆ. 9600ಎಕ್ಸ್ ಸ್ವಲ್ಪ ವೇಗ, ಕೂಲರ್ ಇಲ್ಲ. 9060 ಎಕ್ಸ್‌ಟಿ ಜೊತೆ 1440ಪಿ ಆಡುವವರಿಗೆ ಇವೆರಡರ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ, ಆ ದುಡ್ಡು ಕಾರ್ಡ್‌ಗೆ ಹಾಕಿ. ಸ್ಪರ್ಧೆಯ ಆಟ ಆಡುವವರು, 144 ಹರ್ಟ್ಸ್‌ಗಿಂತ ಮೇಲಿನ ಮಾನಿಟರ್ ಇರುವವರು 7800ಎಕ್ಸ್3ಡಿ ನೋಡಬೇಕು. 96 ಎಂಬಿ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) ಇರುವುದರಿಂದ ಆಟದಲ್ಲಿ ಅದು ಕಮ್ಮಿ ವಿದ್ಯುತ್ತಿನಲ್ಲೇ ಓಡುತ್ತದೆ, ಸಾಮಾನ್ಯವಾಗಿ 80 ವ್ಯಾಟ್ ಒಳಗೆ. 9800ಎಕ್ಸ್3ಡಿ ಅದಕ್ಕಿಂತ ವೇಗ, ಜಾಸ್ತಿ ಎಳೆಯುತ್ತದೆ ಕೂಡ. 11 ಲೀಟರ್ ಡಬ್ಬಕ್ಕೆ ನಾನು ಹಳೆಯದನ್ನೇ ಆರಿಸುತ್ತೇನೆ. ಯಾವುದೇ ಹಾಕಿ, ಬಯಾಸ್‌ನಲ್ಲಿ (ಬೋರ್ಡ್‌ನ ಸೆಟಿಂಗ್ಸ್) ಪ್ರೊಸೆಸರ್‌ನ ವ್ಯಾಟ್ ಇಳಿಸುವ ಇಕೋ ಮೋಡ್ ಆನ್ ಮಾಡಿ ನೋಡಿ. ಆಟದಲ್ಲಿ ಏನೂ ಕಳೆದುಕೊಳ್ಳುವುದಿಲ್ಲ ಅನ್ನುವಷ್ಟು ಕಮ್ಮಿ ವ್ಯತ್ಯಾಸ.

ಕೂಲರ್‌ಗೆ ಬಂದರೆ, ನಾಕ್ಟುವಾ ಎನ್ಎಚ್-ಎಲ್9ಎ 37 ಮಿ.ಮೀ., ಅತಿ ಗಿಡ್ಡ, 65 ವ್ಯಾಟ್ ಚಿಪ್‌ಗೆ ಮಾತ್ರ, ಅದೂ ತಂಪು ಊರಿನಲ್ಲಿ. ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 ಹೆಸರೇ ಹೇಳುವ ಹಾಗೆ 47 ಮಿ.ಮೀ., ಬೆಲೆ ನಾಕ್ಟುವಾಗಿಂತ ತುಂಬಾ ಕಮ್ಮಿ, ಕೆಲಸ ಅದಕ್ಕಿಂತ ಜಾಸ್ತಿ. ಟೆರಾದಲ್ಲಿ ಎರಡು ಸ್ಲಾಟ್ ಕಾರ್ಡ್ ಹಾಕಿ 70 ಮಿ.ಮೀ.ನ ಎನ್ಎಚ್-ಎಲ್12ಎಸ್ ಕೂರಿಸಬಹುದು, ಅದು 7800ಎಕ್ಸ್3ಡಿಗೆ ಒಳ್ಳೆಯ ಜೋಡಿ. ಎನ್ಆರ್200 ಆದರೆ ಈ ತಲೆಬಿಸಿ ಇಲ್ಲ, 155 ಮಿ.ಮೀ. ಒಳಗಿನ ಯಾವುದೋ ಒಂದು ಅಗ್ಗದ ಟವರ್ ಹಾಕಿ ಮುಗಿಸಿ. ನೀರಿನ ಕೂಲರ್ ಬಗ್ಗೆ ಹೇಳಬೇಕೆಂದರೆ, ಚೆನ್ನಾಗಿ ತಣಿಸುತ್ತದೆ, ಪಂಪ್ ಹೋದ ದಿನ ಎಲ್ಲಾ ಬಿಚ್ಚಬೇಕು, ವಾರಂಟಿಗೆ ಕಳಿಸಿ ಕಾಯುವಷ್ಟು ದಿನ ಪಿಸಿ ಬಂದ್. ಫ್ಯಾನ್ ಹೋದರೆ ಹತ್ತಿರದ ಅಂಗಡಿಯಲ್ಲಿ ಬೇರೆ ತಂದು ಹಾಕಿದರಾಯಿತು.

ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ

ಬೋರ್ಡ್‌ಗೆ ಬಿ650 ಚಿಪ್‌ಸೆಟ್ ಸಾಕು, ಸಿಗದಿದ್ದರೆ ಬಿ850. ಎಕ್ಸ್ ಸರಣಿಗೆ ದುಡ್ಡು ಹಾಕಬೇಡಿ. ವೈ-ಫೈ ಇದೆಯಾ, ಹಿಂದೆ ಯುಎಸ್‌ಬಿ ಎಷ್ಟಿವೆ, ಎಸ್‌ಎಸ್‌ಡಿ ಹಾಕುವ ಎಂ.2 ಸ್ಲಾಟ್ ಎರಡಿವೆಯಾ ನೋಡಿ, ಅಷ್ಟೇ. ಎರಡನೇ ಎಂ.2 ಹೆಚ್ಚಾಗಿ ಬೋರ್ಡ್‌ನ ಬೆನ್ನಿಗಿರುತ್ತದೆ, ಅಲ್ಲಿ ಗಾಳಿ ಆಡುವುದಿಲ್ಲ. ಅಲ್ಲಿಗೆ ನಾಲ್ಕನೇ ತಲೆಮಾರಿನ ಮಾಮೂಲಿ ಎಸ್‌ಎಸ್‌ಡಿ ಸಾಕು, ಐದನೇ ತಲೆಮಾರಿನ ಬಿಸಿ ಡ್ರೈವ್ ಬೇಡ.

ಮಿನಿ ಐಟಿಎಕ್ಸ್‌ನಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್. ಆಮೇಲೆ ಸೇರಿಸೋಣ ಅನ್ನುವ ಹಾಗಿಲ್ಲ, ಇರುವುದನ್ನು ತೆಗೆದು ಹೊಸದು ಹಾಕಬೇಕು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ರ‍್ಯಾಮ್ ಬೆಲೆ ಗಗನಕ್ಕೆ ಹೋಗಿದೆ, ಆದರೂ 16 ಜಿಬಿಯ ಎರಡು ಕಡ್ಡಿ ಒಟ್ಟಿಗೇ ತಗೊಳ್ಳೋದು ಒಳ್ಳೆಯದು. ಡಿಡಿಆರ್5-6000 ಅಂದರೆ ಸರಿಯಾದ ವೇಗ. ಎಕ್ಸ್3ಡಿ ಚಿಪ್ ಹಾಕುವವರು 5600ರಲ್ಲೂ ನಿಲ್ಲಬಹುದು, ಆ ದೊಡ್ಡ ಕ್ಯಾಶ್ ಇರುವುದರಿಂದ ರ‍್ಯಾಮ್ ವೇಗದ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ಲೈಟ್ ಇರುವ ರ‍್ಯಾಮ್ ಎತ್ತರ ಜಾಸ್ತಿ, ಗಿಡ್ಡ ಕೂಲರ್ ಅಂಚಿಗೆ ತಾಗುತ್ತದೆ. ಮುಚ್ಚಿದ ಡಬ್ಬದೊಳಗೆ ಲೈಟ್ ಯಾರು ನೋಡ್ತಾರೆ ಹೇಳಿ.

ಎಸ್‌ಎಂಪಿಎಸ್, ಯುಪಿಎಸ್

ಚಿಕ್ಕ ಡಬ್ಬಕ್ಕೆ ಹಾಕುವ ಎಸ್‌ಎಂಪಿಎಸ್ ಅಳತೆ ಎಸ್‌ಎಫ್‌ಎಕ್ಸ್, ಅಂದರೆ 125 × 63.5 × 100 ಮಿ.ಮೀ. ಎಸ್‌ಎಫ್‌ಎಕ್ಸ್-ಎಲ್ ಅದಕ್ಕಿಂತ 30 ಮಿ.ಮೀ. ಉದ್ದ. ಉದ್ದದ್ದರಲ್ಲಿ ದೊಡ್ಡ ಫ್ಯಾನ್ ಇರುತ್ತದೆ, ಆದರೆ ಸ್ಯಾಂಡ್‌ವಿಚ್ ಡಬ್ಬದಲ್ಲಿ ಆ 30 ಮಿ.ಮೀ. ಜಾಗ ಕೇಬಲ್‌ಗೆ ಬೇಕು. ಸುಮ್ನೆ ಎಸ್‌ಎಫ್‌ಎಕ್ಸ್ ತಗೊಳ್ಳಿ. ವ್ಯಾಟ್ ಲೆಕ್ಕ ಸುಲಭ: 7600 ಹಾಗೂ 9060 ಎಕ್ಸ್‌ಟಿ ಸೇರಿ, ಫ್ಯಾನ್ ಡ್ರೈವ್ ಎಲ್ಲ ಕೂಡಿ 300 ಆಸುಪಾಸು, 650 ವ್ಯಾಟ್ ಬೇಕಾದಷ್ಟಾಯಿತು. 5070ಗೆ 750. 16 ಪಿನ್ ಕಾರ್ಡ್ ಆದರೆ ಎಟಿಎಕ್ಸ್ 3.1 ಇರುವ, ಆ ಕೇಬಲ್ ಜೊತೆಗೇ ಬರುವ ಎಸ್‌ಎಂಪಿಎಸ್ ಬೇಕು. ಅಡಾಪ್ಟರ್ ಗಂಟಿಗೆ ಈ ಡಬ್ಬದಲ್ಲಿ ಜಾಗ ಇಲ್ಲ.

ಹೊರದೇಶದ ಗೈಡ್‌ಗಳು ಹೇಳದ ವಿಷಯ ಯುಪಿಎಸ್. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುವ 600 ವಿಎ ಯುಪಿಎಸ್ ನಿಜಕ್ಕೂ ಕೊಡುವುದು ಸುಮಾರು 360 ವ್ಯಾಟ್. ಆಟ ಆಡುವಾಗ ಪಿಸಿ 300, ಮಾನಿಟರ್ 30, ಮೇಲೆ ಕಾರ್ಡ್ ಒಮ್ಮೊಮ್ಮೆ ಕ್ಷಣಮಾತ್ರ ಜಾಸ್ತಿ ಎಳೆಯುತ್ತದೆ. ಕರೆಂಟ್ ಹೋದ ಕೂಡಲೇ ಬೀಪ್ ಅಂದು ಎಲ್ಲಾ ಆಫ್. 1000 ವಿಎ ಆಸುಪಾಸಿನದು ಬೇಕು. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿ ನಿಜವಾದ ಸೈನ್ ವೇವ್ ಕೊಡುವುದಿಲ್ಲ, ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳು ಅದನ್ನು ಒಪ್ಪದೆ ನಿಂತುಬಿಡುತ್ತವೆ, ತಗೊಳ್ಳುವ ಮೊದಲು ಕೇಳಿ. ಮನೆಗೆಲ್ಲ ಒಂದೇ ಇನ್‌ವರ್ಟರ್ ಇದ್ದರೆ, ಸೈನ್ ವೇವ್ ಮಾಡೆಲ್ ಆಗಿದ್ದರೆ, ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಮಾಮೂಲಿ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿಹೋಗಿರುತ್ತದೆ.

ಹಾಗಾದರೆ ಯಾವುದನ್ನು ಯಾವುದರ ಜೊತೆ

ದುಡ್ಡು ಹಿಡಿತದಲ್ಲಿ ಇರಬೇಕು, ಜಾಗ ಸ್ವಲ್ಪ ಇದೆ ಅಂದರೆ ಎಪಿ201, ಬಿ650 ಮೈಕ್ರೋ ಎಟಿಎಕ್ಸ್, 7600, ಉಳಿಸಿದ ದುಡ್ಡಿಗೆ 9070. ನಿಜವಾಗಿ ಚಿಕ್ಕದು ಬೇಕು, ತಂಪಾಗಿಯೂ ಇರಬೇಕು ಅಂದರೆ ಎನ್ಆರ್200, 7600, ಟವರ್ ಕೂಲರ್, 9060 ಎಕ್ಸ್‌ಟಿ 16 ಜಿಬಿ. ಬ್ಯಾಗಿಗೆ ಹೋಗಬೇಕು, ಬಜೆಟ್ ಚಿಂತೆ ಇಲ್ಲ ಅಂದರೆ ಟೆರಾ, 7800ಎಕ್ಸ್3ಡಿ, ಎರಡು ಸ್ಲಾಟ್ 5070, ಎನ್ಎಚ್-ಎಲ್12ಎಸ್. ಎರಡನೆಯದರಲ್ಲಿ ಮುಂದೆ ಕಾರ್ಡ್ ಬದಲಾಯಿಸಿಕೊಳ್ಳಲು ದಾರಿ ಇದೆ. ಮೂರನೆಯದರಲ್ಲಿ ಅಷ್ಟಿಲ್ಲ, ಮುಂದಿನ ಕಾರ್ಡ್ ಕೂಡ ತೆಳ್ಳಗೇ ಇರಬೇಕು, ಇಲ್ಲದಿದ್ದರೆ ಕೂಲರ್ ಕೂಡ ಬದಲಾಗಬೇಕು.

ಯಾವ ಕಾರ್ಡ್ ಆದರೂ ಪವರ್ ಲಿಮಿಟ್ 80-85 ಶೇಕಡಾಕ್ಕೆ ಇಳಿಸಿ ಆಡಿ ನೋಡಿ. ಫ್ರೇಮ್ ಇಳಿಯುವುದು ಅದಕ್ಕಿಂತ ತುಂಬಾ ಕಮ್ಮಿ, ಸದ್ದು ಮಾತ್ರ ಚೆನ್ನಾಗಿ ಇಳಿಯುತ್ತದೆ.

ಟೆರಾದಂಥ ರೈಸರ್ ಇರುವ ಡಬ್ಬ ತಗೊಂಡವರಿಗೆ ಇನ್ನೊಂದು ಮಾತು. 50 ಸರಣಿಯ ಆರ್‌ಟಿಎಕ್ಸ್, 9000 ಸರಣಿಯ ರೇಡಿಯಾನ್ ಎರಡೂ ಪಿಸಿಐಇ ಐದನೇ ತಲೆಮಾರಿನವು. ಬೋರ್ಡ್‌ನ ಸ್ಲಾಟ್ ಕೂಡ ಐದನೆಯದೇ ಆಗಿದ್ದು ರೈಸರ್ ಮಾತ್ರ ನಾಲ್ಕನೆಯದಾದರೆ, ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಉಳಿಯಬಹುದು. ಕಾರ್ಡ್ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ಮಾನಿಟರ್ ಕೇಬಲ್ ಅನ್ನು ಬೋರ್ಡ್‌ನ ಎಚ್‌ಡಿಎಂಐಗೆ ಸಿಕ್ಕಿಸಿ, ಬಯಾಸ್‌ನಲ್ಲಿ ಆ ಸ್ಲಾಟನ್ನು ಜೆನ್ 4ಕ್ಕೆ ಇಳಿಸಿ, ಆಮೇಲೆ ಕೇಬಲ್ ಕಾರ್ಡ್‌ಗೆ ಬದಲಾಯಿಸಿ. ಇದಕ್ಕೆ ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇರಬೇಕು. 7600, 9600ಎಕ್ಸ್, 7800ಎಕ್ಸ್3ಡಿ ಮೂರರಲ್ಲೂ ಇದೆ. ಒಂದಿಷ್ಟು ದುಡ್ಡು ಉಳಿಯುತ್ತದೆ ಅಂತ ಅಂಗಡಿಯವರು ತೋರಿಸುವ 7500ಎಫ್‌ನಲ್ಲಿ ಇಲ್ಲ.